ಪರದೇಶಕ್ಕೆ ಪಾಠ ಹೇಳಲು ಹೊರಟವರಿಗೆ ಚಿಕ್ಕಮಗಳೂರಿನ ಕಾಫಿಪುಡಿ, ಚಿಕೋರಿ, ಫಿಲ್ಟರ್: ಯಾವುದು ಒಯ್ಯಬೇಕು, ಎಷ್ಟು ಒಯ್ಯಬೇಕು

ಥಾಯ್ಲೆಂಡ್, ವಿಯೆಟ್ನಾಂ, ಜಪಾನ್, ಮಾಲ್ಡೀವ್ಸ್‌ನ ಶಾಲೆಗಳಲ್ಲಿ ಪಾಠ ಹೇಳಲು ನಮ್ಮ ಹಾಸನ, ಚಿಕ್ಕಮಗಳೂರು ಕಡೆಯಿಂದ ಹೊರಡುವವರ ಸೂಟ್‌ಕೇಸಿನಲ್ಲಿ ಮೂರು ಕೆ.ಜಿ. ಕಾಫಿಪುಡಿ ಇದ್ದೇ ಇರುತ್ತದೆ. ಮನೆಯವರು ಪ್ರೀತಿಯಿಂದ ಕಟ್ಟಿಕೊಟ್ಟದ್ದು. ಮೊದಲ ತಿಂಗಳು ಅದು ಅಮೃತ. ಮೂರನೆಯ ತಿಂಗಳಿಗೆ ಅದೇ ಪುಡಿ ಹಳೆಯ ಗೋಣಿಚೀಲದ ವಾಸನೆ ಹೊಡೆಯುತ್ತದೆ, ಡಿಕಾಕ್ಷನ್ ಕಪ್ಪಗಿದ್ದರೂ ಘಮ ಇರುವುದಿಲ್ಲ. ತಪ್ಪು ಪುಡಿಯದಲ್ಲ, ಕೊಂಡ ಲೆಕ್ಕದ್ದು.

ಮೊದಲೇ ತೀರ್ಪು ಹೇಳಿಬಿಡುತ್ತೇವೆ. ಒಯ್ಯಲೇಬೇಕಾದದ್ದು ಸ್ಟೀಲ್ ಫಿಲ್ಟರ್ ಮತ್ತು ಅರ್ಧ ಕೆ.ಜಿ. ಬರಿ ಚಿಕೋರಿ (ಕಾಫಿಗೆ ಬೆರೆಸುವ, ಹುರಿದ ಬೇರಿನ) ಪುಡಿ. ಕಾಫಿಪುಡಿ ಒಂದು ತಿಂಗಳಿಗಾಗುವಷ್ಟು ಸಾಕು. ಮಿಕ್ಕದ್ದನ್ನು ಹೋದ ಊರಿನಲ್ಲೇ ಹೊಂದಿಸಿಕೊಳ್ಳಬಹುದು, ಮಾಲ್ಡೀವ್ಸ್ ಒಂದನ್ನು ಬಿಟ್ಟು.

ಪುಡಿಯಿಂದ ಶುರು ಮಾಡೋಣ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ನಡೆದರೆ ಹುರಿಯುವ ವಾಸನೆಯೇ ಅಂಗಡಿಗೆ ಕರೆದೊಯ್ಯುತ್ತದೆ. ಕಣ್ಣೆದುರೇ ಬೀಸಿಕೊಡುವ ಅಂಗಡಿಯಲ್ಲೇ ಕೊಳ್ಳಿ. ಮೊದಲೇ ಪ್ಯಾಕ್ ಮಾಡಿಟ್ಟ ಪುಡಿಯಾದರೆ ತಯಾರಾದ ದಿನಾಂಕ ಮತ್ತು ಚಿಕೋರಿ ಪ್ರಮಾಣ ಎರಡನ್ನೂ ಓದಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪ್ರತಿಶತ ಇರಬೇಕು, ಚಿಕೋರಿ 49 ಮೀರಬಾರದು, ಎಷ್ಟೆಷ್ಟು ಇದೆ ಎಂದು ಪೊಟ್ಟಣದ ಮೇಲೆ ಬರೆದಿರಬೇಕು ಎಂಬುದು ನಮ್ಮ ದೇಶದ ಆಹಾರ ನಿಯಮ. ಬರೆಯದ ಪೊಟ್ಟಣವನ್ನು ಅಲ್ಲೇ ಇಟ್ಟು ಬನ್ನಿ.

‘ಅಣ್ಣ, ಅರ್ಧ ಕೆ.ಜಿ. ಕೊಡಿ’ ಎಂದರೆ ಅಂಗಡಿಯವರು ಕೇಳುವ ಮೊದಲ ಮಾತು ‘ಚಿಕೋರಿ ಎಷ್ಟು?’ ಎಂಬುದು. ನಮ್ಮ ಮನೆಗಳಲ್ಲಿ 70-30 (ಕಾಫಿ 70, ಚಿಕೋರಿ 30) ಓಡುತ್ತದೆ, ಹೋಟೆಲುಗಳಲ್ಲಿ 60-40 ಕೂಡ ಓಡುತ್ತದೆ. ಹೊರದೇಶಕ್ಕೆ ಒಯ್ಯುವ ಪುಡಿಗೆ ಎರಡೂ ಬೇಡ. ಚಿಕೋರಿ ಗಾಳಿಯ ತೇವ ಹೀರುತ್ತದೆ. ಬ್ಯಾಂಕಾಕಿನ ಮಳೆಗಾಲದಲ್ಲಾಗಲಿ ಮಾಲ್ಡೀವ್ಸ್ ರಾಜಧಾನಿ ಮಾಲೆಯ ಕಡಲ ಗಾಳಿಯಲ್ಲಾಗಲಿ, ತೆರೆದ 60-40 ಪೊಟ್ಟಣ ಕೆಲವೇ ದಿನಗಳಲ್ಲಿ ಉಂಡೆ ಕಟ್ಟುತ್ತದೆ. ಉಂಡೆಯಾದ ಪುಡಿ ಫಿಲ್ಟರಿನಲ್ಲಿ ಒಂದು ಕಡೆ ನೀರು ಬಿಟ್ಟು ಇನ್ನೊಂದು ಕಡೆ ಒಣಗಿಯೇ ಕೂರುತ್ತದೆ. 80-20 ಈ ಕೆಲಸಕ್ಕೆ ಸರಿಯಾದ ಹದ: ಡಿಕಾಕ್ಷನ್‌ಗೆ ಮೈ ಬರುತ್ತದೆ, ಪುಡಿ ಹುಡಿಹುಡಿಯಾಗಿಯೇ ಉಳಿಯುತ್ತದೆ. ಇನ್ನೂ ಒಳ್ಳೆಯ ದಾರಿ ಎಂದರೆ ಕಾಫಿ ಬೇರೆ, ಚಿಕೋರಿ ಬೇರೆ ಕಟ್ಟಿಸಿಕೊಂಡು ಅಲ್ಲಿ ವಾರಕ್ಕಾಗುವಷ್ಟನ್ನೇ ಬೆರೆಸಿಕೊಳ್ಳುವುದು. 160 ಗ್ರಾಂ ಕಾಫಿಗೆ 40 ಗ್ರಾಂ ಚಿಕೋರಿ ಹಾಕಿದರೆ 80-20.

ಚಿಕೋರಿ ಹಾಕದ ‘ಪ್ಯೂರ್’ ಪುಡಿ ಕೇಳುವವರು ಈಗ ಹೆಚ್ಚಿದ್ದಾರೆ. ಕರಿ ಕಾಫಿ ಕುಡಿಯುವವರಿಗೆ ಅದು ಸರಿ. ಹಾಲು ಹಾಕುವವರಿಗೆ, ಅದರಲ್ಲೂ ಹೊರದೇಶದ ಪೆಟ್ಟಿಗೆ ಹಾಲು ಹಾಕುವವರಿಗೆ, ಬರಿ ಅರೇಬಿಕಾ (ನವಿರು ರುಚಿಯ ಕಾಫಿ ಜಾತಿ) ತೆಳುವಾಗುತ್ತದೆ. ಕಾರಣ ಸರಳ. ಹುರಿದ ಚಿಕೋರಿಯಲ್ಲಿ ನೀರಿಗೆ ಬಿಡುವ ಸಾರ ಕಾಫಿಯದಕ್ಕಿಂತ ಎಷ್ಟೋ ಹೆಚ್ಚು, ಬಣ್ಣ ಮತ್ತು ಗಟ್ಟಿತನ ಅದರಿಂದಲೇ ಬರುತ್ತದೆ. ನೆನೆದು ಉಬ್ಬುವುದರಿಂದ ಅದು ನೀರನ್ನು ತಡೆದು ನಿಧಾನವಾಗಿ ಬಿಡುತ್ತದೆ ಕೂಡ. ಚಿಕೋರಿ ಒಲ್ಲೆ ಎನ್ನುವವರು 70 ಭಾಗ ಅರೇಬಿಕಾಗೆ 30 ಭಾಗ ರೊಬಸ್ಟಾ (ಕಟು ರುಚಿಯ ಇನ್ನೊಂದು ಜಾತಿ) ಹಾಕಿಸಲಿ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಸಂಜೆ ಆರರ ಮೇಲೆ ಉತ್ತರ ಪತ್ರಿಕೆ ತಿದ್ದುತ್ತಾ ಅದನ್ನು ಕುಡಿದರೆ ನಿದ್ದೆ ಬರುವುದಿಲ್ಲ ಎಂಬುದು ನೆನಪಿರಲಿ.

‘ಪೀಬೆರಿ ಮಾತ್ರ ಕೊಡಿ’ ಎಂದು ಹಟ ಹಿಡಿಯುವ ಅಗತ್ಯವಿಲ್ಲ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದರೆ ಅದು ಪೀಬೆರಿ. ದುಂಡಗಿರುವುದರಿಂದ ಸಮನಾಗಿ ಹುರಿಯಲು ಒದಗುತ್ತದೆ. ಆದರೆ ಚಿಕೋರಿ, ಹಾಲು, ಸಕ್ಕರೆ ಬಿದ್ದ ಮೇಲೆ ಪೀಬೆರಿಗೂ ಒಳ್ಳೆಯ ‘ಪ್ಲಾಂಟೇಶನ್ ಎ’ (ಅರೇಬಿಕಾದ ದಪ್ಪ ಬೀಜದ ದರ್ಜೆ) ಬೀಜಕ್ಕೂ ಇರುವ ಅಂತರ ನಾಲಿಗೆಗೆ ಸಿಗುವುದು ಕಷ್ಟ. ಆ ದುಡ್ಡನ್ನು ತಾಜಾತನದ ಮೇಲೆ ಹಾಕಿ: ‘ಹುರಿದು ಎಷ್ಟು ದಿನ ಆಯ್ತು?’ ಎಂದು ಕೇಳಿ, ನಾಲ್ಕೈದು ದಿನದೊಳಗಿನದನ್ನು ಬೀಸಿಸಿ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹೊರದೇಶದ ಸಹೋದ್ಯೋಗಿಗಳಿಗೆ ಉಡುಗೊರೆ ಒಯ್ಯುವವರು ಆ ಹೆಸರಿನ ಬೀಜವನ್ನು, ಚಿಕೋರಿ ಇಲ್ಲದೆ, 250 ಗ್ರಾಂ ಪೊಟ್ಟಣದಲ್ಲಿ ಒಯ್ದರೆ ಚೆಂದ. ಬೆಲೆ ಬರೆಯುತ್ತಿಲ್ಲ. 50 ಕೆ.ಜಿ. ಚೀಲದ ದರ ಏರಿಳಿದಂತೆ ಅಂಗಡಿಯ ಬೋರ್ಡೂ ಬದಲಾಗುತ್ತಿರುತ್ತದೆ.

ಬೀಸುವ ಹದದಲ್ಲಿ ತಪ್ಪುವವರೇ ಹೆಚ್ಚು. ‘ಫಿಲ್ಟರ್‌ಗೆ’ ಎಂದಷ್ಟೇ ಹೇಳಿದರೆ ಅಂಗಡಿಯವರು ತಮ್ಮ ರೂಢಿಯ ಹದದಲ್ಲಿ ಬೀಸುತ್ತಾರೆ, ಕೆಲವರದು ತೀರ ನುಣುಪು. ಬೆರಳ ನಡುವೆ ಉಜ್ಜಿ ನೋಡಿ: ಚಿರೋಟಿ ರವೆಗಿಂತ ತುಸು ನುಣ್ಣಗಿರಬೇಕು, ಮೈದಾದ ಹಾಗೆ ಅಂಟಬಾರದು. ಮೈದಾದಂತಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಉಪ್ಪಿಟ್ಟಿನ ರವೆಯಂತಾದರೆ ಐದೇ ನಿಮಿಷದಲ್ಲಿ ನೀರು ಸುರಿದು ಹೋಗಿ ಡಿಕಾಕ್ಷನ್ ಟೀ ಬಣ್ಣಕ್ಕೆ ನಿಲ್ಲುತ್ತದೆ.

ಬೀಸಿದ ಪುಡಿ ಬಿಸಿಯಾಗಿರುತ್ತದೆ. ಅದನ್ನು ಹಾಗೆಯೇ ಮುಚ್ಚಿ ಸೀಲ್ ಮಾಡಿಸಬೇಡಿ. ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ, ಪುಡಿ ಮಾಡಿದಾಗ ಬಹುಪಾಲು ಕೆಲವೇ ಗಂಟೆಗಳಲ್ಲಿ ಹೊರಬರುತ್ತದೆ. ಗಾಳಿಯಾಡದ ಪೊಟ್ಟಣ ಅದರಿಂದಲೇ ಉಬ್ಬುತ್ತದೆ. ಮೇಲೆ ವಿಮಾನದಲ್ಲಿ ಒತ್ತಡ ಕಡಿಮೆಯಾದಾಗ ಇನ್ನಷ್ಟು ಉಬ್ಬಿ ಹೊಲಿಗೆ ಬಿಡುತ್ತದೆ. ಬಟ್ಟೆಯ ನಡುವೆ ಕಾಫಿಪುಡಿ ಚೆಲ್ಲಿದರೆ ಬಿಳಿ ಅಂಗಿ ಕಲೆಯಾಗುತ್ತದೆ, ಥಾಯ್ ಶಾಲೆಯಲ್ಲಿ ಮೊದಲ ದಿನ ಹಾಕಬೇಕಾದ ಅಂಗಿ ಅದೇ ಆಗಿರಬಹುದು. ಒಮ್ಮುಖ ಕವಾಟ ಇರುವ ಪೊಟ್ಟಣ ಕೇಳಿ. ಮುಂಭಾಗದಲ್ಲಿ ಗುಂಡಿಯಂತೆ ಸಣ್ಣ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ, ಗಾಳಿ ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಅಂಥದ್ದು ಇಲ್ಲದಿದ್ದರೆ ಪುಡಿಯನ್ನು ಸಡಿಲ ಕಟ್ಟಿನಲ್ಲಿ ಒಂದು ರಾತ್ರಿ ಬಿಟ್ಟು ಬೆಳಗ್ಗೆ ಸೀಲ್ ಮಾಡಿ, ಮೇಲೊಂದು ಜಿಪ್ ಕವರ್ ಹಾಕಿ. ಎಲ್ಲವನ್ನೂ ಒಂದೇ ದೊಡ್ಡ ಚೀಲಕ್ಕೆ ತುಂಬುವ ಬದಲು 200 ಗ್ರಾಂನ ಮೂರು ಪೊಟ್ಟಣ ಮಾಡಿಸಿ. ತೆರೆದದ್ದು ಹತ್ತು ದಿನದಲ್ಲಿ ಮುಗಿಯುತ್ತದೆ, ಉಳಿದವು ಹೊಸದಾಗಿಯೇ ಇರುತ್ತವೆ.

ಹತ್ತು ದಿನದ ಲೆಕ್ಕ ಹೀಗೆ: ಒಂದು ಲೋಟ ಕಾಫಿಗೆ 10 ಗ್ರಾಂ ಪುಡಿ, ದಿನಕ್ಕೆ ಎರಡು ಲೋಟ, 20 ಗ್ರಾಂ. ತಿಂಗಳಿಗೆ 600 ಗ್ರಾಂ. ಥಾಯ್ಲೆಂಡಿನ ಶಾಲೆಗಳ ಮೊದಲ ಅವಧಿ ಮೇ ನಡುವಿನಿಂದ ಅಕ್ಟೋಬರ್ ತನಕ, ಸುಮಾರು 20 ವಾರ. ಅಷ್ಟಕ್ಕೂ ಇಲ್ಲಿಂದಲೇ ಒಯ್ದರೆ 2.8 ಕೆ.ಜಿ. ಆಗುತ್ತದೆ. ಆದರೆ ಬೀಸಿದ ಪುಡಿ ತೆರೆದ ಮೇಲೆ ಎರಡು ಮೂರು ವಾರ, ಕವಾಟದ ಪೊಟ್ಟಣದಲ್ಲಿ ತೆರೆಯದೆ ಇಟ್ಟರೆ ಎರಡು ತಿಂಗಳು ಘಮ ಹಿಡಿದಿಡುತ್ತದೆ. ಆಮೇಲಿನ ಪುಡಿಯಿಂದ ಬರುವುದು ಕಹಿ ಮತ್ತು ಬಣ್ಣ ಮಾತ್ರ. ಮೊದಲ ತಿಂಗಳ 80-20 ಪುಡಿ 600 ಗ್ರಾಂ ಕಳೆದು ಉಳಿದ 2.2 ಕೆ.ಜಿ.ಗೆ 20 ಪ್ರತಿಶತ ಚಿಕೋರಿ ಲೆಕ್ಕ ಹಾಕಿದರೆ 440 ಗ್ರಾಂ. ಒಣಗಿದ ಡಬ್ಬಿಯಲ್ಲಿಟ್ಟ ಚಿಕೋರಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಅದರ ಘಮ ಹೋಗಿಬಿಡುವ ಪ್ರಶ್ನೆ ಕಾಫಿಯಷ್ಟು ಇಲ್ಲ. ಅರ್ಧ ಕೆ.ಜಿ. ಚಿಕೋರಿ ಒಯ್ಯಿರಿ ಎಂದದ್ದು ಇದಕ್ಕೇ. ಕಾಫಿ ಆ ದೇಶಗಳಲ್ಲಿ ಸಿಗುತ್ತದೆ, ಬೀದಿ ಬದಿಯ ಅಂಗಡಿಯಲ್ಲಿ ಚಿಕೋರಿ ಸಿಗುವುದಿಲ್ಲ.

ಇನ್ನು ಫಿಲ್ಟರ್. ಹಾಸನದ ಪಾತ್ರೆ ಅಂಗಡಿಯಲ್ಲಿ ಹೊಳೆಯುವ ಹಿತ್ತಾಳೆ ಫಿಲ್ಟರ್ ಕಣ್ಣು ಸೆಳೆಯುತ್ತದೆ. ಮನೆಗೆ ಕೊಳ್ಳಿ, ಪರದೇಶಕ್ಕೆ ಬೇಡ. ಹಿತ್ತಾಳೆಗೆ ಒಳಗೆ ಕಲಾಯಿ ಇರಬೇಕು. ಉಜ್ಜಿ ಉಜ್ಜಿ ಕಲಾಯಿ ಸವೆದರೆ ಕಾಫಿಯ ಹುಳಿ ಲೋಹಕ್ಕೆ ತಾಗಿ ಬಾಯಲ್ಲಿ ಕಿಲುಬಿನ ರುಚಿ ಬರುತ್ತದೆ. ಚಿಯಾಂಗ್ ಮಾಯ್‌ನಲ್ಲಾಗಲಿ ಹನೋಯ್‌ನಲ್ಲಾಗಲಿ ಕಲಾಯಿ ಹಾಕುವವರನ್ನು ಎಲ್ಲಿ ಹುಡುಕುವುದು? ತೂಕವೂ ಸ್ಟೀಲಿನದಕ್ಕಿಂತ ಹೆಚ್ಚು.

ಸ್ಟೀಲ್ ಫಿಲ್ಟರಿಗೆ ನಾಲ್ಕು ಭಾಗ: ತಳದಲ್ಲಿ ತೂತುಗಳಿರುವ ಮೇಲಿನ ಪಾತ್ರೆ, ಡಿಕಾಕ್ಷನ್ ಇಳಿಯುವ ಕೆಳಗಿನ ಪಾತ್ರೆ, ನಡುವೆ ಕಡ್ಡಿಯಿರುವ ತೂತಿನ ಬಿಲ್ಲೆ, ಮುಚ್ಚಳ. ಒಬ್ಬರಿಗೆ ಎರಡು ಲೋಟದ ಅಳತೆಯದು ಸಾಕು. ದೊಡ್ಡದನ್ನು ಕೊಂಡು ಕಡಿಮೆ ಪುಡಿ ಹಾಕಿದರೆ ಪುಡಿಯ ಪದರ ತೆಳುವಾಗಿ ನೀರು ಸರ್ರನೆ ಇಳಿದುಬಿಡುತ್ತದೆ. ಹೊರದೇಶದಲ್ಲಿ ಕಾಫಿ ಸರಿಯಾಗಲಿಲ್ಲ ಎನ್ನುವವರಲ್ಲಿ ಹಲವರ ತೊಂದರೆ ಇದೇ. ಪುಡಿಯ ಪದರ ಒಂದು ಬೆರಳ ಅಗಲಕ್ಕಿಂತ ಕಡಿಮೆ ಇರಬಾರದು.

ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ, ತೂತುಗಳು ಒಂದೇ ಸಮ ಇರಬೇಕು, ಮುಚ್ಚಿಹೋದವು ಇರಬಾರದು, ಒಳಗಿನಿಂದ ಬೆರಳಾಡಿಸಿದರೆ ಚೂಪು ಚೂಪು ತಾಗಬಾರದು. ಬಿಲ್ಲೆಯನ್ನು ಒಳಗಿಟ್ಟು ನೋಡಿ, ಅಂಚಿನಲ್ಲಿ ಹೆಚ್ಚು ಸಂದಿ ಇದ್ದರೆ ಪುಡಿ ಅಲ್ಲಿಂದ ಮೇಲೆದ್ದು ತೇಲುತ್ತದೆ. ಮೂರನೆಯದು ಮುಖ್ಯ: ಮೇಲಿನದನ್ನು ಕೆಳಗಿನದರ ಮೇಲೆ ಕೂರಿಸಿ ಎತ್ತಿ. ಕೆಳಗಿನ ಪಾತ್ರೆ ಅಂಟಿಕೊಂಡು ಜೊತೆಗೇ ಬಂದರೆ ಆ ಫಿಲ್ಟರ್ ಬೇಡ. ಅಷ್ಟು ಬಿಗಿಯಾದರೆ ಕೆಳಗಿನ ಗಾಳಿಗೆ ಹೊರಬರಲು ಜಾಗವಿಲ್ಲದೆ ಡಿಕಾಕ್ಷನ್ ನಡುವೆಯೇ ನಿಂತುಬಿಡುತ್ತದೆ. ಈಗಾಗಲೇ ಅಂಥದ್ದು ಮನೆಯಲ್ಲಿದ್ದರೆ ಬಿಸಾಡಬೇಕಿಲ್ಲ. ನೀರು ಹಾಕಿದ ಎರಡು ನಿಮಿಷಕ್ಕೆ ಮೇಲಿನದನ್ನು ಒಂದು ಕೂದಲೆಳೆಯಷ್ಟು ಎತ್ತಿ ಮತ್ತೆ ಕೂರಿಸಿದರೆ ಗಾಳಿ ಬಿಟ್ಟು ಹನಿ ಶುರುವಾಗುತ್ತದೆ.

ಅದೇ ಅಂಗಡಿಯಲ್ಲಿ ಹಾಲು ಕಾಯಿಸಲು ಒಂದು ಪುಟ್ಟ ಪಾತ್ರೆಯನ್ನೂ ಕೊಳ್ಳುವವರು ಜೇಬಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಜಪಾನ್, ಥಾಯ್ಲೆಂಡಿನ ಬಾಡಿಗೆ ಕೋಣೆಗಳಲ್ಲಿ ಎಷ್ಟೋ ಕಡೆ ಗ್ಯಾಸ್ ಇರುವುದಿಲ್ಲ, ಇಂಡಕ್ಷನ್ ಒಲೆ ಇರುತ್ತದೆ. ತಳಕ್ಕೆ ಅಯಸ್ಕಾಂತ ಕಚ್ಚದ ಸ್ಟೀಲ್ ಪಾತ್ರೆ ಅದರ ಮೇಲೆ ಬಿಸಿಯಾಗುವುದೇ ಇಲ್ಲ. ನಮ್ಮ ಒಳ್ಳೆಯ ಸ್ಟೀಲ್ ಪಾತ್ರೆಗಳಲ್ಲಿ ಬಹಳಷ್ಟಕ್ಕೆ ಅಯಸ್ಕಾಂತ ಕಚ್ಚುವುದಿಲ್ಲ.

ಮಿಕ್ಸಿ, ಕೆಟಲ್ ಒಯ್ಯುವ ಯೋಚನೆ ಇದ್ದರೆ ಹೋಗುವ ದೇಶದ ವಿದ್ಯುತ್ ನೋಡಿಕೊಳ್ಳಿ. ಥಾಯ್ಲೆಂಡ್, ವಿಯೆಟ್ನಾಂ, ಮಾಲ್ಡೀವ್ಸ್‌ನಲ್ಲಿ ನಮ್ಮಂತೆಯೇ 220ರಿಂದ 230 ವೋಲ್ಟ್, ಪ್ಲಗ್ ಬದಲಿಸುವ ಅಡಾಪ್ಟರ್ ಸಾಕು. ಜಪಾನಿನಲ್ಲಿ 100 ವೋಲ್ಟ್. ನಮ್ಮ 1500 ವ್ಯಾಟ್ ಕೆಟಲ್ ಅಲ್ಲಿ 280 ವ್ಯಾಟ್ ಆಸುಪಾಸಿಗೆ ಇಳಿಯುತ್ತದೆ, ಏಕೆಂದರೆ ವೋಲ್ಟ್ ಅರ್ಧಕ್ಕಿಂತ ಕೆಳಗೆ ಬಂದರೆ ಶಾಖ ಅದರ ವರ್ಗದ ಲೆಕ್ಕದಲ್ಲಿ, ಐದರಲ್ಲಿ ಒಂದು ಪಾಲಿಗೂ ಕಡಿಮೆಗೆ ಬೀಳುತ್ತದೆ. ಇಲ್ಲಿ ನಾಲ್ಕು ನಿಮಿಷಕ್ಕೆ ಕುದಿಯುವ ಒಂದು ಲೀಟರ್ ನೀರು ಅಲ್ಲಿ 20 ನಿಮಿಷವಾದರೂ ಕುದಿಯುವುದಿಲ್ಲ. ಮಿಕ್ಸಿಯ ಮೋಟಾರು ತಿರುಗಲು ಒದ್ದಾಡುತ್ತದೆ. ವೋಲ್ಟ್ ಏರಿಸುವ ಟ್ರಾನ್ಸ್‌ಫಾರ್ಮರ್ ಕೊಳ್ಳುವ ದುಡ್ಡಿಗೆ ಅಲ್ಲಿಯದೇ ಕೆಟಲ್ ಬರುತ್ತದೆ. ಬೀಜ ಬೀಸಲು ಕೈಯಿಂದ ತಿರುಗಿಸುವ ಗ್ರೈಂಡರ್ ಒಯ್ಯಿರಿ. ವಿದ್ಯುತ್ ಬೇಡ, 20 ಗ್ರಾಂ ಬೀಸಲು ಒಂದೆರಡು ನಿಮಿಷ.

ಈಗ ಬೆಳಗಿನ ಕ್ರಮ. ಥಾಯ್ ಶಾಲೆಗಳಲ್ಲಿ ಎಂಟು ಗಂಟೆಗೆ ಧ್ವಜವಂದನೆ. ಮೇಷ್ಟ್ರು ಅದಕ್ಕೂ ಮುಂಚೆ ಅಂಗಳದಲ್ಲಿರಬೇಕು. ಎದ್ದ ಕೂಡಲೇ ಫಿಲ್ಟರ್ ಹಾಕಿದರೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಡಿಕಾಕ್ಷನ್ ತಯಾರು. ರಾತ್ರಿಯೇ ಪುಡಿ ತುಂಬಿಡುವ ಅಭ್ಯಾಸ ನಮ್ಮ ಮಲೆನಾಡಿನ ಚಳಿಯಲ್ಲಿ ನಡೆಯುತ್ತದೆ. ಅಲ್ಲಿಯ ತೇವದಲ್ಲಿ ಚಿಕೋರಿ ರಾತ್ರಿಯಿಡೀ ನೆನೆದಂತಾಗಿ ತೂತು ಮುಚ್ಚುತ್ತದೆ, ಆದ್ದರಿಂದ ಬೇಡ.

ಮೊದಲು ಖಾಲಿ ಫಿಲ್ಟರಿಗೆ ಬಿಸಿನೀರು ಹಾಕಿ ಚೆಲ್ಲಿ, ಪಾತ್ರೆ ಒರೆಸಿ. ಏರಿಸಿದ ಮೂರು ದೊಡ್ಡ ಚಮಚ, ಅಂದರೆ 20 ಗ್ರಾಂ ಪುಡಿ ಹಾಕಿ ಬದಿಗೆ ಮೆಲ್ಲಗೆ ತಟ್ಟಿ ಸಮ ಮಾಡಿ. ಬಿಲ್ಲೆಯನ್ನು ಅದರ ತೂಕಕ್ಕೆ ತಾನೇ ಕೂರುವಷ್ಟು ಇಟ್ಟರೆ ಸಾಕು, ಒತ್ತಿದರೆ ಕಟ್ಟಿಕೊಳ್ಳುತ್ತದೆ. ನೀರು ಕುದಿದು ಅರ್ಧ ನಿಮಿಷ ಆರಿದ ಮೇಲೆ 30 ಮಿ.ಲೀ. ಸುತ್ತಲೂ ಹಾಕಿ ಒಂದು ನಿಮಿಷ ಬಿಡಿ. ಪುಡಿ ಉಬ್ಬುತ್ತದೆ. ಆಮೇಲೆ 120 ಮಿ.ಲೀ. ನಿಧಾನವಾಗಿ ಹಾಕಿ ಮುಚ್ಚಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಉಳಿಸಿಕೊಳ್ಳುವುದರಿಂದ ನಿಮಗೆ ಸಿಗುವುದು 100 ಮಿ.ಲೀ. ಚಿಲ್ಲರೆ ಡಿಕಾಕ್ಷನ್, ಎರಡು ಲೋಟಕ್ಕೆ ಸರಿ. 15ರಿಂದ 20 ನಿಮಿಷ ಹಿಡಿಯಬೇಕು. ಐದು ನಿಮಿಷಕ್ಕೆ ಮುಗಿದರೆ ಪುಡಿ ದಪ್ಪ ಅಥವಾ ಕಡಿಮೆ. 40 ನಿಮಿಷ ಮೀರಿದರೆ ತೂತು ಕಟ್ಟಿದೆ, ಇಲ್ಲವೇ ಗಾಳಿ ಸಿಕ್ಕಿಕೊಂಡಿದೆ.

ತೂತು ಕಟ್ಟಿದರೆ ಇಲ್ಲಿ ಗ್ಯಾಸಿನ ಉರಿಯ ಮೇಲೆ ಹಿಡಿದು ಚರಟ ಸುಟ್ಟು ತಟ್ಟುತ್ತೇವೆ. ಇಂಡಕ್ಷನ್ ಮೇಲೆ ಅದು ಆಗದು. ಒಂದು ಲೋಟ ಕುದಿನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಮೇಲಿನ ಪಾತ್ರೆಯನ್ನು ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿ. ಸೂಜಿ ಹಾಕಿ ಚುಚ್ಚಿದರೆ ತೂತು ದೊಡ್ಡದಾಗಿ ಮುಂದೆ ಚರಟ ಕೆಳಗಿಳಿಯುತ್ತದೆ. ಚರಟವನ್ನು ಸಿಂಕಿಗೆ ಚೆಲ್ಲಬೇಡಿ. ಬಾಡಿಗೆ ಮನೆಯ ಕೊಳವೆ ಕಟ್ಟಿದರೆ ಮುಂಗಡದಿಂದ ಕಳೆಯುತ್ತಾರೆ.

ಎಲ್ಲ ಸರಿಯಾಗಿದ್ದೂ ಕಾಫಿ ‘ಮನೆಯಂತಾಗಲಿಲ್ಲ’ ಎಂದರೆ ಹಾಲು ನೋಡಿ. ಹಾಸನ, ಚಿಕ್ಕಮಗಳೂರು, ಕೊಡಗಿಗೆ ಹಾಸನ ಹಾಲು ಒಕ್ಕೂಟದಿಂದ ಬರುವ ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು 3 ಪ್ರತಿಶತ, ಅದನ್ನು ನಾವು ಮತ್ತೆ ಕುದಿಸಿ ಗಟ್ಟಿ ಮಾಡುತ್ತೇವೆ. ಅಲ್ಲಿ ಸಿಗುವ ಪೆಟ್ಟಿಗೆ ಹಾಲು ಬಹುಪಾಲು ಅತಿ ಹೆಚ್ಚು ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸಿದ್ದು. ಅದಕ್ಕೆ ಆಗಲೇ ಬೆಂದ ವಾಸನೆ, ನಾಲಿಗೆಗೆ ತುಸು ಸಿಹಿ. ಇನ್ನೊಮ್ಮೆ ಉಕ್ಕಿಸಿದರೆ ಆ ವಾಸನೆ ಇನ್ನೂ ಏಳುತ್ತದೆ. ಅಂಚಿನಲ್ಲಿ ಗುಳ್ಳೆ ಬರುವಷ್ಟು ಬಿಸಿ ಮಾಡಿ ಇಳಿಸಿ. 100 ಮಿ.ಲೀ. ಹಾಲಿಗೆ ಇಲ್ಲಿ 40 ಮಿ.ಲೀ. ಡಿಕಾಕ್ಷನ್ ಹಾಕುತ್ತಿದ್ದರೆ ಅಲ್ಲಿ 50 ಹಾಕಿ, ಸಕ್ಕರೆ ಅರ್ಧ ಚಮಚ ಇಳಿಸಿ.

ಸರಿಯಾದ ಪೆಟ್ಟಿಗೆ ಆರಿಸುವುದೇ ಮೊದಲ ವಾರದ ಪರೀಕ್ಷೆ. ಥಾಯ್ಲೆಂಡಿನಲ್ಲಿ ‘ನೊಮ್ ಜೂತ್’ ಎಂದು ಕೇಳಿ, ಸಪ್ಪೆ ಹಾಲು ಎಂದರ್ಥ. ‘ನೊಮ್ ವಾನ್’ ಎಂದರೆ ಸಿಹಿ ಹಾಲು, ಅದು ಕಾಫಿಗೆ ಆಗದು. ವಿಯೆಟ್ನಾಂನಲ್ಲಿ ಸಿಹಿ ಹಾಕಿದ ಪೆಟ್ಟಿಗೆಗಳೇ ಕಣ್ಣಿಗೆ ಮೊದಲು ಬೀಳುತ್ತವೆ. ‘ಖೋಂಗ್ ದುವಾಂಗ್’, ಸಕ್ಕರೆ ಇಲ್ಲದ್ದು, ಎಂಬ ಬರಹವನ್ನು ಯಾರಿಂದಾದರೂ ಬರೆಸಿ ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ. ಜಪಾನಿನಲ್ಲಿ ‘ಗ್ಯೂನ್ಯೂ’ ಎಂಬ ಹೆಸರು ಬರಿ ಹಸುವಿನ ಹಾಲಿಗೆ, ಕನಿಷ್ಠ 3 ಪ್ರತಿಶತ ಕೊಬ್ಬು ಇದ್ದರೆ ಮಾತ್ರ. ಅಕ್ಷರ ಬಾರದವರಿಗೂ ಒಂದು ಗುರುತಿದೆ: ದೊಡ್ಡ ಪೆಟ್ಟಿಗೆಯ ಮೇಲಂಚಿನಲ್ಲಿ ಅರ್ಧಚಂದ್ರಾಕಾರದ ಒಂದು ಕಚ್ಚು. ಕಣ್ಣು ಕಾಣದವರು ಮುಟ್ಟಿ ತಿಳಿಯಲೆಂದು ಮಾಡಿದ್ದು. ಭಾಷೆ ಬಾರದೆ ಅಂಗಡಿಯಲ್ಲಿ ನಿಂತ ಹೊಸ ಮೇಷ್ಟ್ರಿಗೂ ಅದು ಅಷ್ಟೇ ಉಪಕಾರಿ.

ಮಾಲ್ಡೀವ್ಸ್‌ನ ದ್ವೀಪಗಳಲ್ಲಿ ಪೆಟ್ಟಿಗೆ ಹಾಲು, ಹಾಲಿನ ಪುಡಿ ಎರಡೂ ಹೊರಗಿನಿಂದ ಹಡಗಿನಲ್ಲಿ ಬರುತ್ತವೆ. ಹಡಗು ತಡವಾದರೆ ಪುಡಿಯೇ ಗತಿ. ಕೆನೆಸಹಿತ ಹಾಲಿನ ಪುಡಿ 25 ಗ್ರಾಂ, ನೀರು 175 ಮಿ.ಲೀ. ಮೊದಲು ಉಗುರುಬೆಚ್ಚಗಿನ ಸ್ವಲ್ಪ ನೀರಲ್ಲಿ ಕಲಸಿ ಪೇಸ್ಟ್ ಮಾಡಿ, ಆಮೇಲೆ ಬಿಸಿನೀರು. ಕುದಿನೀರಿಗೆ ನೇರ ಹಾಕಿದರೆ ಗಂಟು ಕಟ್ಟಿ ಕೊನೆಯ ಗುಟುಕಿಗೆ ಬಾಯಿಗೆ ಬರುತ್ತದೆ.

ತಂದ ಪುಡಿ ಮುಗಿದ ಮೇಲೆ ಏನು? ಉತ್ತರ ಥಾಯ್ಲೆಂಡಿನ ದೊಯ್ ಚಾಂಗ್, ದೊಯ್ ತುಂಗ್ ಬೆಟ್ಟಗಳಲ್ಲಿ ಅರೇಬಿಕಾ ಬೆಳೆಯುತ್ತಾರೆ. ಅದರ ಗಾಢ ಹುರಿಯ ಬೀಜ ಕೊಂಡು ನುಣ್ಣಗೆ ಬೀಸಿಸಿ, ನಿಮ್ಮ ಚಿಕೋರಿ ಬೆರೆಸಿದರೆ ನಮ್ಮ 80-20ಕ್ಕೆ ತೀರ ಹತ್ತಿರ ಬರುತ್ತದೆ. ತಿಳಿ ಹುರಿ ಬೇಡ, ಹಾಲಿನೊಡನೆ ಹುಳಿಯಾಗುತ್ತದೆ. ಅಲ್ಲಿ ‘ಓಲಿಯಾಂಗ್’ ಎಂಬ ಅಗ್ಗದ ಕಪ್ಪು ಪುಡಿಯೂ ಸಿಗುತ್ತದೆ. ಅದರಲ್ಲಿ ಕಾಫಿಯ ಜೊತೆ ಜೋಳ, ಸೋಯಾ, ಎಳ್ಳಿನಂಥ ಧಾನ್ಯಗಳನ್ನು ಹುರಿದು ಸೇರಿಸಿರುತ್ತಾರೆ. ಐಸ್ ಕಾಫಿಗೆ ಸೊಗಸು, ನಮ್ಮ ಫಿಲ್ಟರಿಗೆ ಹಾಕಬೇಡಿ. ವಿಯೆಟ್ನಾಂ ಜಗತ್ತಿನಲ್ಲೇ ಅತಿ ಹೆಚ್ಚು ರೊಬಸ್ಟಾ ಬೆಳೆಯುವ ದೇಶ. ಅಲ್ಲಿಯ ಪುಡಿಯಲ್ಲಿ ಹುರಿಯುವಾಗಲೇ ಬೆಣ್ಣೆ, ಸಕ್ಕರೆ ಹಾಕಿದ್ದು ಬಹಳ. ಜಿಡ್ಡಿನಿಂದ ನಮ್ಮ ಫಿಲ್ಟರಿನ ತೂತು ಕಟ್ಟುತ್ತದೆ. ಏನೂ ಸೇರಿಸದ ಬೀಜ ಕೇಳಿ ಕೊಂಡು, ದಾ ಲಾತ್ ಕಡೆಯ ಅರೇಬಿಕಾ ಅರ್ಧ, ರೊಬಸ್ಟಾ ಅರ್ಧ ಬೆರೆಸಿ. ಅವರ ‘ಫಿನ್’ ನಮ್ಮ ಫಿಲ್ಟರಿನ ದಾಯಾದಿ, ಲೋಟದ ಮೇಲೆ ಕೂರುತ್ತದೆ. ಆದರೆ ಅದಕ್ಕೆ ಪುಡಿ ದಪ್ಪವಿರಬೇಕು, ನಮ್ಮ ಪುಡಿ ಹಾಕಿದರೆ ಲೋಟದ ತಳದಲ್ಲಿ ಚರಟ ನಿಲ್ಲುತ್ತದೆ. ಜಪಾನಿನಲ್ಲಿ ‘ಫ್ರೆಂಚ್ ರೋಸ್ಟ್’ ಎಂದರೆ ಗಾಢ ಹುರಿ. ಬೀಜ ಮಾರುವ ಅಂಗಡಿಗಳಲ್ಲಿ ಬೀಸಿಯೂ ಕೊಡುತ್ತಾರೆ.

ಮಾಲ್ಡೀವ್ಸ್‌ನಲ್ಲಿ ಕಾಫಿ ಬೆಳೆಯುವುದಿಲ್ಲ. ಅಲ್ಲಿಗೆ ಹೋಗುವವರು ಮಾತ್ರ ಬೀಜ ಒಯ್ಯಲಿ: ಹುರಿದ ಬೀಜ ಎರಡು ಕೆ.ಜಿ., ಕವಾಟದ ಪೊಟ್ಟಣದಲ್ಲಿ, ಕೈ ಗ್ರೈಂಡರಿನೊಡನೆ. ಬೀಜ ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ತೆರೆಯದ ಪೊಟ್ಟಣ ಫ್ರೀಜರಿನಲ್ಲಿಡಬಹುದು, ಆದರೆ ಹೊರತೆಗೆದು ಕೋಣೆಯ ಶಾಖಕ್ಕೆ ಬಂದ ಮೇಲೆಯೇ ತೆರೆಯಿರಿ. ತಣ್ಣಗಿರುವಾಗ ತೆರೆದರೆ ಗಾಳಿಯ ತೇವ ಬೀಜದ ಮೇಲೆ ಹನಿಗಟ್ಟುತ್ತದೆ. ತೆರೆದ ಪೊಟ್ಟಣವನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ.

ಪ್ಯಾಕಿಂಗಿನ ಬಗ್ಗೆ ಸ್ವಲ್ಪ. ಪುಡಿ, ಫಿಲ್ಟರ್ ಎರಡೂ ಚೆಕ್-ಇನ್ ಸಾಮಾನಿನಲ್ಲಿರಲಿ. ಕೈಚೀಲದಲ್ಲಿ ಪುಡಿಯ ಪೊಟ್ಟಣ ಕಂಡರೆ ತಪಾಸಣೆಯಲ್ಲಿ ಬಿಚ್ಚಿಸುತ್ತಾರೆ. ಫಿಲ್ಟರಿನೊಳಗೆ ಕಾಲುಚೀಲ ತುರುಕಿದರೆ ಜಜ್ಜಿಹೋಗುವುದಿಲ್ಲ. ಅಂಚು ಒಂದು ಕಡೆ ನೆಗ್ಗಿದರೂ ಮೇಲಿನದು ಕೆಳಗಿನದರ ಮೇಲೆ ಸರಿಯಾಗಿ ಕೂರದು. ಹುರಿಯದ ಹಸಿ ಬೀಜ ಒಯ್ಯಬೇಡಿ, ಅದಕ್ಕೆ ಸಸ್ಯ ತಪಾಸಣೆಯ ನಿಯಮ ಬೇರೆ. ಕಾಫಿಡಬ್ಬಿಯ ಪಕ್ಕದಲ್ಲಿ ಪಾಯಸಕ್ಕೆಂದು ಗಸಗಸೆ ಪೊಟ್ಟಣ ಇಡುವ ಅಮ್ಮಂದಿರಿಗೆ ಇದನ್ನು ಖಂಡಿತ ಹೇಳಿ: ಸಿಂಗಪುರ ಮತ್ತು ದುಬೈಯಲ್ಲಿ ಗಸಗಸೆ ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ. ಅಲ್ಲಿ ವಿಮಾನ ಬದಲಿಸುವವರಿಗೂ ಅದು ಅಪಾಯ. ಮಾಲ್ಡೀವ್ಸ್‌ಗೆ ಪೂಜೆಯ ವಿಗ್ರಹ ಒಯ್ಯುವಂತಿಲ್ಲ, ಸೂಟ್‌ಕೇಸ್ ತುಂಬುವಾಗ ಅದನ್ನೂ ನೋಡಿಕೊಳ್ಳಿ.

ಊರಿಂದ ಆಮೇಲೆ ತರಿಸಿಕೊಳ್ಳಬೇಕೆಂದರೆ ಅಂಚೆ ಕಚೇರಿಯಿಂದ ಹೊರದೇಶಕ್ಕೆ ಸ್ಪೀಡ್ ಪೋಸ್ಟ್ ಇದೆ. ಮನೆಯವರು ಸುಂಕದ ಫಾರ್ಮಿನಲ್ಲಿ ‘ತಿಂಡಿ ಸಾಮಾನು’ ಎಂದು ಬರೆದರೆ ಅಲ್ಲಿ ತಡೆದು ಬಿಚ್ಚುತ್ತಾರೆ. ಹುರಿದು ಬೀಸಿದ ಕಾಫಿಪುಡಿ ಇಷ್ಟು ಗ್ರಾಂ, ಚಿಕೋರಿ ಪುಡಿ ಇಷ್ಟು ಗ್ರಾಂ, ಸ್ವಂತ ಬಳಕೆಗೆ ಎಂದು ಬಿಡಿಸಿ ಇಂಗ್ಲಿಷಿನಲ್ಲಿ ಬರೆಯಲಿ. ಅಂಗಡಿಯ ಬಿಲ್ಲು ಒಳಗಿಡಲಿ, ಕಳಿಸುವವರ ಗುರುತಿನ ಚೀಟಿಯ ನಕಲು ಜೊತೆಗಿರಲಿ. ತೂಕಕ್ಕೆ ತಕ್ಕಂತೆ ಅಂಚೆ ವೆಚ್ಚ ಏರಿ, ಒಂದು ಕೆ.ಜಿ. ಪುಡಿಗೆ ಪುಡಿಯ ಬೆಲೆಗಿಂತ ಹೆಚ್ಚೇ ಆಗುತ್ತದೆ. ಹಾಗಾಗಿ ತರಿಸುವುದಾದರೆ ಚಿಕೋರಿ ತರಿಸಿ, ಫಿಲ್ಟರಿನ ಬಿಲ್ಲೆ ಕಳೆದಿದ್ದರೆ ಅದನ್ನೂ. ಬಿಲ್ಲೆ ಬಿಡಿಯಾಗಿ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಅಳತೆಯೂ ಕಂಪನಿಯಿಂದ ಕಂಪನಿಗೆ ಬೇರೆ. ಮೇಲಿನ ಪಾತ್ರೆಯ ಒಳಗಲವನ್ನು ಮಿಲಿಮೀಟರಿನಲ್ಲಿ ಅಳೆದು ಮನೆಗೆ ತಿಳಿಸಿ, ಅದಕ್ಕಿಂತ ಒಂದೆರಡು ಮಿಲಿಮೀಟರ್ ಕಡಿಮೆಯಿರುವ ಬಿಲ್ಲೆ ಸರಿಹೋಗುತ್ತದೆ.